ಕಲಬುರಗಿಯಿಂದ ಬ್ರಿಟನ್‌ಗೆ: ಚೆವೆನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವ ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ಓದುವುದಕ್ಕೆ ಬೇಕಾಗುವ ಬೋಧನಾ ಶುಲ್ಕ, ಹೋಗಿ ಬರುವ ವಿಮಾನದ ಟಿಕೆಟ್, ವೀಸಾ ಶುಲ್ಕ ಮತ್ತು ಅಲ್ಲಿ ಇರುವಷ್ಟು ದಿನದ ಊಟ, ವಸತಿಗೆ ಮಾಸಿಕ ಭತ್ಯೆ, ಇಷ್ಟನ್ನೂ ಭರಿಸುವ ವಿದ್ಯಾರ್ಥಿವೇತನ ಚೆವೆನಿಂಗ್. 1983ರಲ್ಲಿ ಆರಂಭವಾದ ಈ ಯೋಜನೆಗೆ ಬ್ರಿಟಿಷ್ ಸರ್ಕಾರದ ವಿದೇಶಾಂಗ ಇಲಾಖೆಯೂ ಅದರ ಸಹಭಾಗಿ ಸಂಸ್ಥೆಗಳೂ ಹಣ ಒದಗಿಸುತ್ತವೆ. ಆ ದೇಶದ ವಿದೇಶಾಂಗ ಸಚಿವರು ಬಳಸುತ್ತ ಬಂದಿರುವ, ಕೆಂಟ್ ಪ್ರಾಂತ್ಯದ ಚೆವೆನಿಂಗ್ ಹೌಸ್ ಎಂಬ ಹಳೆಯ ಬಂಗಲೆಯ ಹೆಸರೇ ಯೋಜನೆಗೂ ಬಂದಿದೆ. ಅರ್ಜಿಗೆ ಶುಲ್ಕವಿಲ್ಲ. ವಯಸ್ಸಿನ ಮೇಲ್ಮಿತಿಯೂ ಇಲ್ಲ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಇದಕ್ಕೆ ಅರ್ಹರಾದ ಯುವಕ ಯುವತಿಯರು ಬೇಕಾದಷ್ಟು ಇದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ, ಸರ್ಕಾರೇತರ ಸಂಸ್ಥೆಗಳಲ್ಲಿ, ಪತ್ರಿಕೆಗಳಲ್ಲಿ, ರೈತ ಉತ್ಪಾದಕರ ಕಂಪನಿಗಳಲ್ಲಿ, ಪದವಿ ಕಾಲೇಜುಗಳಲ್ಲಿ ದುಡಿಯುತ್ತಿರುವ ಇವರಲ್ಲಿ ಹೆಚ್ಚಿನವರು ಇದು ದೆಹಲಿ, ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಓದಿದವರಿಗೆ ಮೀಸಲು ಎಂದು ತಿಳಿದು ಅರ್ಜಿಯನ್ನೇ ಹಾಕುವುದಿಲ್ಲ. ನಾನು ಕಂಡಂತೆ ಆಯ್ಕೆ ನಿಂತಿರುವುದು ಕಾಲೇಜಿನ ಹೆಸರಿನ ಮೇಲಲ್ಲ. ತಾನಿರುವಲ್ಲಿ ಮಾಡಿದ ಕೆಲಸವನ್ನು ಅರ್ಜಿದಾರರು ಎಷ್ಟು ನಿಖರವಾಗಿ, ಎಷ್ಟು ಪ್ರಾಮಾಣಿಕವಾಗಿ ಬರೆದು ತೋರಿಸುತ್ತಾರೆ ಎಂಬುದರ ಮೇಲೆ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಅದಕ್ಕೇ ಮೀಸಲಾಗಿದೆ.

ಅರ್ಹತೆ

ನೀವು ಭಾರತದ ಪ್ರಜೆಯಾಗಿರಬೇಕು, ಬ್ರಿಟಿಷ್ ಪೌರತ್ವ ಇರಬಾರದು. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಕೋರ್ಸಿಗೆ ಪ್ರವೇಶ ಕೊಡಿಸಬಲ್ಲ ಪದವಿಯನ್ನು ಮುಗಿಸಿರಬೇಕು. ನಮ್ಮ ಮೂರು ವರ್ಷದ ಬಿಎ, ಬಿಕಾಂ, ಬಿಎಸ್ಸಿ ಪದವಿಗಳನ್ನು ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ಮಾನ್ಯ ಮಾಡುತ್ತವೆ. ಆದರೆ ಕೇಳುವ ಅಂಕಗಳ ಪ್ರಮಾಣ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು. ಈ ಹಿಂದೆ ಬ್ರಿಟಿಷ್ ಸರ್ಕಾರದ ಹಣದಲ್ಲಿ ವಿದ್ಯಾರ್ಥಿವೇತನ ಪಡೆದು ಅಲ್ಲಿ ಓದಿದವರಿಗೆ ಅವಕಾಶವಿಲ್ಲ. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿ ಇರುತ್ತೇನೆ ಎಂಬ ಷರತ್ತಿಗೆ ಒಪ್ಪಬೇಕು. ಓದಿ ಅಲ್ಲೇ ನೆಲೆಸುವ ಆಲೋಚನೆ ಇರುವವರು ಈ ಹಂತದಲ್ಲೇ ಬೇರೆ ದಾರಿ ನೋಡಿಕೊಳ್ಳುವುದು ಒಳ್ಳೆಯದು.

ಕೆಲಸದ ಅನುಭವವನ್ನು ಯೋಜನೆ ಗಂಟೆಗಳಲ್ಲಿ ಅಳೆಯುತ್ತದೆ. ವಾರಕ್ಕೆ 35 ಗಂಟೆ, ವರ್ಷಕ್ಕೆ 40 ವಾರ ಎಂದು ಹಿಡಿದರೆ ವರ್ಷಕ್ಕೆ 1,400 ಗಂಟೆ. ಎರಡು ವರ್ಷಕ್ಕೆ 2,800. ಪೂರ್ಣಾವಧಿ ನೌಕರಿ ಇದ್ದವರಿಗೆ ಈ ಲೆಕ್ಕದ ಚಿಂತೆಯೇ ಇಲ್ಲ. ಆದರೆ ನಮ್ಮ ಭಾಗದಲ್ಲಿ ಎಷ್ಟೋ ಜನರ ದುಡಿಮೆ ಒಂದೇ ಹುದ್ದೆಯಲ್ಲಿ ಅಡಕವಾಗಿರುವುದಿಲ್ಲ. ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರೊಬ್ಬರನ್ನು ತೆಗೆದುಕೊಳ್ಳಿ. ವಾರಕ್ಕೆ 15 ಗಂಟೆ, ವರ್ಷಕ್ಕೆ 40 ವಾರ ಪಾಠ ಮಾಡಿದರೆ 600 ಗಂಟೆ. ಮೂರು ವರ್ಷಕ್ಕೆ 1,800. ಅದೇ ಮೂರು ವರ್ಷ ಶನಿವಾರ, ಭಾನುವಾರಗಳಲ್ಲಿ ಸಾಕ್ಷರತಾ ಸಂಸ್ಥೆಯೊಂದರಲ್ಲಿ ವಾರಕ್ಕೆ 10 ಗಂಟೆ ಸ್ವಯಂಸೇವೆ ಮಾಡಿದ್ದರೆ ಮತ್ತೆ 1,200. ಒಟ್ಟು 3,000 ಗಂಟೆ ಆಯಿತು, ಅರ್ಹತೆ ದಾಟಿತು. ಅರೆಕಾಲಿಕ ಕೆಲಸ, ಸ್ವಯಂಸೇವೆ, ಇಂಟರ್ನ್‌ಶಿಪ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೋರ್ಸಿನ ಭಾಗವಾಗಿ ಕಡ್ಡಾಯವಾಗಿ ಮಾಡಿದ ತರಬೇತಿ ಮಾತ್ರ ಬರುವುದಿಲ್ಲ. ಪದವಿ ಮುಗಿದ ನಂತರದ ಕೆಲಸವೇ ಗಟ್ಟಿ ಆಧಾರ, ಮೊದಲು ಅದನ್ನು ಎಣಿಸಿ. ಪ್ರತಿ ಕೆಲಸಕ್ಕೂ ಆರಂಭದ ದಿನಾಂಕ, ಮುಗಿದ ದಿನಾಂಕ, ವಾರದ ಗಂಟೆ, ಮೇಲಧಿಕಾರಿಯ ಹೆಸರು, ಇಷ್ಟನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿ. ಗಂಟೆಗಳನ್ನು ಉಬ್ಬಿಸಿ ಬರೆಯಬೇಡಿ. ಸಂದರ್ಶನದಲ್ಲಿ ಮೊದಲು ಕುಸಿಯುವುದು ಇಂಥ ಲೆಕ್ಕವೇ.

ಅನುಭವವೇ ಇಲ್ಲದೆ ಈಗಷ್ಟೇ ಪದವಿ ಮುಗಿಸುತ್ತಿರುವವರು ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನವನ್ನು ನೋಡಬೇಕು. ಅದಕ್ಕೆ ಪದವಿಯ ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು, ಓದು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ಅಮೆರಿಕದ ಕಡೆ ಒಲವಿದ್ದು, ಮೂರು ವರ್ಷದ ಅನುಭವ ಇದ್ದವರಿಗೆ ಫುಲ್‌ಬ್ರೈಟ್–ನೆಹರು ಫೆಲೋಶಿಪ್ ಇದೆ. ಅದಕ್ಕೆ ನಾಲ್ಕು ವರ್ಷದ ಪದವಿ ಅಥವಾ ಇಲ್ಲಿನ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ತಪ್ಪದೆ ಪರಿಶೀಲಿಸಬೇಕು. ಚೆವೆನಿಂಗ್‌ಗಾಗಿ ಮಾಡುವ ತಯಾರಿಯ ಮುಕ್ಕಾಲು ಪಾಲು ಇವಕ್ಕೂ ಉಪಯೋಗಕ್ಕೆ ಬರುತ್ತದೆ.

ವರ್ಷದ ಲೆಕ್ಕಾಚಾರ

ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಮೊದಲ ವಾರದಲ್ಲಿ ತೆರೆಯುತ್ತದೆ. 2024ರಲ್ಲಿ ನವೆಂಬರ್ ಮೊದಲ ವಾರದವರೆಗೆ ಇದ್ದ ಗಡುವು 2025ರಲ್ಲಿ ಅಕ್ಟೋಬರ್ ಮೊದಲ ವಾರಕ್ಕೇ ಮುಗಿಯಿತು. ಆದ್ದರಿಂದ ಹಿಂದಿನ ವರ್ಷ ಅರ್ಜಿ ಹಾಕಿದವರ ಮಾತು ನಂಬಿ ದೀಪಾವಳಿಯವರೆಗೆ ಕಾಯಬೇಡಿ. ಯೋಜನೆಯ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ದಿನಾಂಕವನ್ನು ನೀವೇ ನೋಡಿ. ಗಡುವಿನ ಸಮಯ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಮಧ್ಯಾಹ್ನ 12 ಗಂಟೆ ಎಂದಿದ್ದರೆ ನಮ್ಮಲ್ಲಿ ಅದು ಸಂಜೆ 5.30. ರಾತ್ರಿ 12ರವರೆಗೆ ಸಮಯವಿದೆ ಎಂದುಕೊಂಡವರ ಅರ್ಜಿ ಅಲ್ಲೇ ನಿಲ್ಲುತ್ತದೆ.

ಅರ್ಜಿ ಮುಚ್ಚಿದ ಮೇಲೆ ಅರ್ಹತೆ ಇಲ್ಲದವುಗಳನ್ನು ಬೇರ್ಪಡಿಸಿ, ಉಳಿದವನ್ನು ಸ್ವತಂತ್ರ ಓದುಗರ ಸಮಿತಿಗಳು ಓದಿ ಅಂಕ ಹಾಕುತ್ತವೆ. ಅವುಗಳಲ್ಲಿ ಮುಂದಿರುವವರನ್ನು ಬ್ರಿಟಿಷ್ ಹೈಕಮಿಷನ್ ಸಂದರ್ಶನಕ್ಕೆ ಕರೆಯುತ್ತದೆ. ಸಂದರ್ಶನಗಳು ಫೆಬ್ರುವರಿಯ ನಂತರದ ತಿಂಗಳುಗಳಲ್ಲಿ ನಡೆಯುತ್ತವೆ, ಫಲಿತಾಂಶ ಬೇಸಿಗೆ ಕಳೆಯುವ ಹೊತ್ತಿಗೆ ಬರುತ್ತದೆ, ಓದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಅಂದರೆ ಅರ್ಜಿ ತುಂಬಿದ ದಿನದಿಂದ ವಿಮಾನ ಹತ್ತುವವರೆಗೆ ಸುಮಾರು ಒಂದು ವರ್ಷ. ಅದಕ್ಕೂ ಮುಂಚೆ, ಸಂಕ್ರಾಂತಿಯ ಸುಮಾರಿಗೆ ತಯಾರಿ ಆರಂಭಿಸಿ ಮಳೆಗಾಲದ ಹೊತ್ತಿಗೆ ಪ್ರಬಂಧಗಳ ಮೊದಲ ಕರಡು ಕೈಯಲ್ಲಿರುವಂತೆ ನೋಡಿಕೊಂಡರೆ ಆತುರವಿಲ್ಲದೆ ಕೆಲಸ ಸಾಗುತ್ತದೆ.

ಮೂರು ಕೋರ್ಸುಗಳ ಆಯ್ಕೆ

ಅರ್ಜಿಯಲ್ಲಿ ಮೂರು ಕೋರ್ಸುಗಳನ್ನು ನಮೂದಿಸಬೇಕು. ಮೂರೂ ಒಂದೇ ವಿಶ್ವವಿದ್ಯಾಲಯದಲ್ಲಿರಬಹುದು, ಬೇರೆ ಬೇರೆ ಕಡೆಯೂ ಇರಬಹುದು. ಅವು ಪೂರ್ಣಾವಧಿಯ, ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಮುಗಿಯುವ, ಸ್ನಾತಕೋತ್ತರ ಪದವಿ ಕೊಡುವ ಕೋರ್ಸುಗಳಾಗಿರಬೇಕು; ದೂರಶಿಕ್ಷಣ, ಅರೆಕಾಲಿಕ ಓದು, ಪಿಎಚ್‌ಡಿ ಸಲ್ಲವು. ಎಂಬಿಎ ಆರಿಸಿದರೆ ಯೋಜನೆ ಭರಿಸುವ ಶುಲ್ಕಕ್ಕೆ ಮಿತಿ ಇದೆ, ಅದಕ್ಕಿಂತ ಹೆಚ್ಚಿನದನ್ನು ಕೈಯಿಂದ ಕಟ್ಟಬೇಕಾಗುತ್ತದೆ. ನಮ್ಮ ಭಾಗದ ಹೆಚ್ಚಿನ ಕುಟುಂಬಗಳಿಗೆ ಆ ಮೊತ್ತ ದೊಡ್ಡದೇ.

ಹೆಸರಾಂತ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಮೇಲಿನ ಮೂರನ್ನು ಆರಿಸುವುದು ಸರಿಯಾದ ಕ್ರಮವಲ್ಲ. ನಿಮ್ಮ ಕೆಲಸದಿಂದ ಆರಂಭಿಸಿ. ಬೀದರಿನ ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗಾವಾನ್ ಮದರಸಾ, ನೆಲದಡಿಯ ಸುರಂಗಗಳಲ್ಲಿ ನೀರು ಹರಿಸುವ ಕರೇಜ್ ವ್ಯವಸ್ಥೆ, ಇವುಗಳ ಜೊತೆ ಕೆಲಸ ಮಾಡಿದ ವಾಸ್ತುಶಿಲ್ಪಿಯೊಬ್ಬರಿಗೆ ಯಾರ್ಕ್ ವಿಶ್ವವಿದ್ಯಾಲಯದ ಚಾರಿತ್ರಿಕ ಕಟ್ಟಡಗಳ ಸಂರಕ್ಷಣೆಯ ಕೋರ್ಸು ಸಹಜವಾಗಿ ಹೊಂದುತ್ತದೆ. ಯಾದಗಿರಿಯಲ್ಲಿ ತಾಯಂದಿರ, ಮಕ್ಕಳ ಆರೋಗ್ಯದ ಕಾರ್ಯಕ್ರಮ ನೋಡಿಕೊಳ್ಳುವ ವೈದ್ಯರು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಾರ್ವಜನಿಕ ಆರೋಗ್ಯದ ಕೋರ್ಸನ್ನು ನೋಡಬಹುದು. ನಾರಾಯಣಪುರದ ಬಸವಸಾಗರದ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪಿಸುವ ಸಮಸ್ಯೆಯನ್ನು ಹತ್ತಿರದಿಂದ ಕಂಡ ಎಂಜಿನಿಯರ್‌ಗೆ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದ ಜಲಸಂಬಂಧಿ ಕೋರ್ಸುಗಳಿವೆ. ಗ್ರಾಮೀಣ ಬಡತನ, ವಲಸೆ, ಸ್ಥಳೀಯ ಆಡಳಿತದಲ್ಲಿ ತೊಡಗಿದವರಿಗೆ ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್ ಜಗತ್ತಿನಲ್ಲೇ ಹೆಸರಾದ ಸಂಸ್ಥೆ.

ಕೋರ್ಸಿನ ಪುಟ ತೆರೆದು ಅದರಲ್ಲಿ ಕಲಿಸುವ ವಿಷಯಗಳ ಪಟ್ಟಿಯನ್ನು ಪೂರ್ತಿ ಓದಿ. ಯಾವ ವಿಷಯ ನಿಮ್ಮ ಕೆಲಸದ ಯಾವ ಕೊರತೆಯನ್ನು ತುಂಬುತ್ತದೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಹಾಗೆ ಬರೆಯಲು ಸಾಧ್ಯವಾಗದಿದ್ದರೆ ಆ ಕೋರ್ಸು, ಅದೆಷ್ಟೇ ದೊಡ್ಡ ಹೆಸರಿನ ವಿಶ್ವವಿದ್ಯಾಲಯದ್ದಾಗಿರಲಿ, ನಿಮಗೆ ಹೊಂದುವುದಿಲ್ಲ. ಮೂರೂ ಆಯ್ಕೆಗಳು ಒಂದೇ ದಿಕ್ಕಿಗೆ ಮುಖ ಮಾಡಿರಲಿ. ಒಂದು ಸಾರ್ವಜನಿಕ ಆರೋಗ್ಯ, ಇನ್ನೊಂದು ಮಾರುಕಟ್ಟೆ ನಿರ್ವಹಣೆ, ಮತ್ತೊಂದು ಪತ್ರಿಕೋದ್ಯಮ ಎಂದು ಬರೆದ ಅರ್ಜಿ ಓದುವವರಿಗೆ ತನ್ನ ದಾರಿ ತನಗೇ ಗೊತ್ತಿಲ್ಲದವರ ಅರ್ಜಿಯಾಗಿ ಕಾಣುತ್ತದೆ.

ನಾಲ್ಕು ಪ್ರಬಂಧಗಳು

ಅರ್ಜಿಯ ಜೀವ ಇರುವುದು ಇಲ್ಲಿ. ನಾಯಕತ್ವ, ಸಂಬಂಧಗಳನ್ನು ಕಟ್ಟುವ ಸಾಮರ್ಥ್ಯ, ಬ್ರಿಟನ್ನಿನಲ್ಲೇ ಏಕೆ ಓದಬೇಕು, ಮುಂದಿನ ವೃತ್ತಿಯ ಯೋಜನೆ ಏನು ಎಂಬ ನಾಲ್ಕು ವಿಷಯಗಳ ಮೇಲೆ ಇಂಗ್ಲಿಷಿನಲ್ಲಿ ಉತ್ತರಿಸಬೇಕು. ಪ್ರತಿ ಉತ್ತರಕ್ಕೂ ಕೆಲವೇ ನೂರು ಪದಗಳ ಮಿತಿ ಇರುತ್ತದೆ. ಆ ವರ್ಷದ ಮಿತಿ ಎಷ್ಟೆಂದು ಪ್ರಶ್ನೆಯ ಕೆಳಗೇ ನಮೂದಾಗಿರುತ್ತದೆ. ಅಷ್ಟು ಕಡಿಮೆ ಜಾಗದಲ್ಲಿ ಪೀಠಿಕೆಗೆ, ಗಣ್ಯರ ಹೇಳಿಕೆಗಳಿಗೆ ಎಡೆಯಿಲ್ಲ.

ನಾಯಕತ್ವದ ಪ್ರಬಂಧವನ್ನು ಉದಾಹರಣೆಯೊಂದಿಗೆ ನೋಡೋಣ. ಯಾದಗಿರಿ ಜಿಲ್ಲೆಯ ತಾಂಡಾವೊಂದರ ಶಾಲೆಯಲ್ಲಿ ಕೆಲಸ ಮಾಡುವ ಶಿಕ್ಷಕಿಯೊಬ್ಬರು ಅರ್ಜಿ ಬರೆಯುತ್ತಿದ್ದಾರೆ ಎಂದುಕೊಳ್ಳಿ. "ನಾನು ಶಾಲೆಯ ತಂಡವನ್ನು ಮುನ್ನಡೆಸಿ ಹಿಂದುಳಿದ ಮಕ್ಕಳ ಶಿಕ್ಷಣಕ್ಕಾಗಿ ಅವಿರತವಾಗಿ ಶ್ರಮಿಸಿದ್ದೇನೆ" ಎಂದು ಅವರು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಇದೇ ಸಾಲನ್ನು ಯಾವ ದೇಶದ ಯಾವ ಶಿಕ್ಷಕರೂ ಬರೆಯಬಹುದು. ಅದರ ಬದಲು ಅವರು ನಡೆದದ್ದನ್ನು ನಡೆದ ಹಾಗೆ ಬರೆಯಲಿ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾದ ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಪುಣೆ, ಮುಂಬಯಿ, ಬೆಂಗಳೂರಿಗೆ ಗುಳೆ ಹೊರಡುತ್ತಿದ್ದವು, ಮಕ್ಕಳೂ ಜೊತೆಗೇ ಹೋಗಿ ಶಾಲೆ ಬಿಡುತ್ತಿದ್ದರು. ಊರಲ್ಲೇ ಉಳಿಯುವ ಅಜ್ಜಿಯರ ಮನೆಗಳಿಗೆ ಶಿಕ್ಷಕಿ ಹೋದರು. ಮಗುವನ್ನು ಬಿಟ್ಟು ಹೋದರೆ ರಾತ್ರಿ ಊಟಕ್ಕೇನು ಎಂಬುದೇ ಅವರ ದೊಡ್ಡ ಅಡ್ಡಿ ಎಂದು ತಿಳಿಯಿತು. ಶಾಲಾಭಿವೃದ್ಧಿ ಸಮಿತಿಯ ಮುಂದೆ ವಿಷಯ ಇಟ್ಟರು, ಒಪ್ಪದ ಇಬ್ಬರು ಸದಸ್ಯರನ್ನು ಇಂಥ ಕಾರಣ ಹೇಳಿ ಒಪ್ಪಿಸಿದರು, ಸಂಜೆಯ ಊಟದ ವ್ಯವಸ್ಥೆ ಮಾಡಿದರು. ಮೊದಲ ವರ್ಷ ಇಷ್ಟು ಮಕ್ಕಳು ಉಳಿದರು, ಇಷ್ಟು ಮಕ್ಕಳನ್ನು ಉಳಿಸಿಕೊಳ್ಳಲಾಗಲಿಲ್ಲ, ಮರುವರ್ಷ ಇಂಥ ಬದಲಾವಣೆ ಮಾಡಿದರು.

ಈ ಎರಡನೆಯ ಬರವಣಿಗೆಯಲ್ಲಿ ನಾಯಕತ್ವ ಎಂಬ ಪದವೇ ಇಲ್ಲ, ಆದರೂ ಅದು ಕಣ್ಣಿಗೆ ಕಟ್ಟುತ್ತದೆ. ಯಾರು ವಿರೋಧಿಸಿದರು, ಅವರನ್ನು ಹೇಗೆ ಒಪ್ಪಿಸಿದಿರಿ, ನಿಮ್ಮ ನಿರ್ಧಾರ ಯಾವುದು, ಅದರಿಂದ ಏನು ಬದಲಾಯಿತು, ಏನು ಬದಲಾಗಲಿಲ್ಲ, ಈ ಐದಕ್ಕೆ ಉತ್ತರ ಸಿಕ್ಕರೆ ಪ್ರಬಂಧ ನಿಂತಿತು ಎಂದೇ ತಿಳಿಯಿರಿ. ಹುದ್ದೆ ಚಿಕ್ಕದು ಎಂಬ ಅಳುಕು ಬೇಡ. ನಾಯಕತ್ವಕ್ಕೆ ಅಧಿಕಾರದ ಕುರ್ಚಿ ಬೇಕಿಲ್ಲ. ಅಧಿಕಾರವಿಲ್ಲದೆಯೇ ನಾಲ್ಕು ಜನರನ್ನು ಒಪ್ಪಿಸಿ ಕೆಲಸ ಮಾಡಿಸಿದ್ದರೆ ಅದರ ತೂಕ ಇನ್ನೂ ಹೆಚ್ಚು. ಅಂಕಿಸಂಖ್ಯೆ ಇದ್ದರೆ ಕೊಡಿ, ಇಲ್ಲದಿದ್ದರೆ ಹುಟ್ಟಿಸಬೇಡಿ.

ಸಂಬಂಧಗಳ ಪ್ರಬಂಧದಲ್ಲಿ ನಮ್ಮವರು ಸಾಮಾನ್ಯವಾಗಿ ತಮಗೆ ಪರಿಚಯವಿರುವ ದೊಡ್ಡವರ ಪಟ್ಟಿ ಕೊಡುತ್ತಾರೆ. ಶಾಸಕರನ್ನು, ಕುಲಪತಿಗಳನ್ನು ಭೇಟಿ ಮಾಡಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಸಂಬಂಧ ಬೆಳೆಸಿಕೊಂಡು ಎರಡೂ ಕಡೆಯವರಿಗೆ ಉಪಯೋಗವಾದ ಒಂದು ಪ್ರಸಂಗ ಬೇಕು. ತೊಗರಿಗೆ ನೆಟೆ ರೋಗ ಬಿದ್ದಾಗ ಆಳಂದ ತಾಲ್ಲೂಕಿನ ರೈತರ ಗುಂಪೊಂದನ್ನು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಬಳಿ ಕರೆದೊಯ್ದು, ಹೊಲದ ಮಾದರಿಗಳು ಅವರಿಗೆ ಸಿಗುವಂತೆಯೂ ರೋಗನಿರೋಧಕ ತಳಿಯ ಬೀಜ ರೈತರಿಗೆ ಸಿಗುವಂತೆಯೂ ಮಾಡಿದ ರೈತ ಸಂಸ್ಥೆಯ ಸಿಬ್ಬಂದಿಯೊಬ್ಬರು ಬರೆಯಬೇಕಾದದ್ದು ಅದನ್ನೇ. ಆ ಸಂಪರ್ಕವನ್ನು ಆಮೇಲೆ ಹೇಗೆ ಉಳಿಸಿಕೊಂಡಿರಿ ಎಂಬುದನ್ನೂ ಹೇಳಿ. ಕೊನೆಗೆ, ಜಗತ್ತಿನ ನಾನಾ ದೇಶಗಳಿಂದ ಬರುವ ಸಹಪಾಠಿಗಳಿಗೆ ನೀವು ಏನು ಕೊಡಬಲ್ಲಿರಿ ಎಂಬುದಕ್ಕೆ ಒಂದೆರಡು ಸಾಲು ಇರಲಿ. ಒಣಬೇಸಾಯದ ನೆಲದಲ್ಲಿ ದುಡಿದ ಅನುಭವ ಆಫ್ರಿಕಾದ ಎಷ್ಟೋ ದೇಶದವರಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದು.

ಬ್ರಿಟನ್ನಿನಲ್ಲೇ ಏಕೆ ಎಂಬ ಪ್ರಶ್ನೆಗೆ ನೀವು ಮೊದಲೇ ಬರೆದಿಟ್ಟ ಕೋರ್ಸಿನ ಟಿಪ್ಪಣಿಗಳೇ ಉತ್ತರ. ಆ ದೇಶದ ಶಿಕ್ಷಣದ ಗುಣಮಟ್ಟವನ್ನು ಹೊಗಳುವುದರಲ್ಲಿ ಪದಗಳನ್ನು ಖರ್ಚು ಮಾಡಬೇಡಿ.

ವೃತ್ತಿಯ ಯೋಜನೆಯಲ್ಲಿ ಹತ್ತಿರದ ಗುರಿ ಮತ್ತು ದೂರದ ಗುರಿ ಎರಡೂ ಬೇಕು. "ಕಲ್ಯಾಣ ಕರ್ನಾಟಕವನ್ನು ಅಭಿವೃದ್ಧಿಪಡಿಸುತ್ತೇನೆ" ಎಂಬುದು ಆಸೆ, ಯೋಜನೆಯಲ್ಲ. ಹಿಂದಿರುಗಿದ ಮೇಲೆ ಮೊದಲ ಎರಡು ವರ್ಷ ಯಾವ ಸಂಸ್ಥೆಯಲ್ಲಿ, ಯಾವ ಬಗೆಯ ಹುದ್ದೆಯಲ್ಲಿ, ಯಾವ ಸಮಸ್ಯೆಯ ಮೇಲೆ ಕೆಲಸ ಮಾಡುತ್ತೀರಿ ಎಂಬುದನ್ನು ಬರೆಯಿರಿ. 371(ಜೆ) ವಿಧಿಯಡಿ ಈ ಭಾಗಕ್ಕೆ ದೊರೆತ ವಿಶೇಷ ಸ್ಥಾನಮಾನ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಹರಿದು ಬರುವ ಹಣ, ಅದು ಖರ್ಚಾಗುವ ರೀತಿಯಲ್ಲಿ ನೀವು ಕಂಡ ಕೊರತೆ, ಅದನ್ನು ಸರಿಪಡಿಸಲು ಬೇಕಾದ ಪರಿಣತಿ, ಹೀಗೆ ಒಂದಕ್ಕೊಂದು ಹೊಸೆದುಕೊಂಡು ಬಂದರೆ ಯೋಜನೆಗೆ ನೆಲ ಸಿಗುತ್ತದೆ. ಆದರೆ ಓದುವ ಸಮಿತಿಯವರಿಗೆ 371(ಜೆ) ಎಂದರೇನೆಂದು ಗೊತ್ತಿರುವುದಿಲ್ಲ. ಒಂದೇ ವಾಕ್ಯದಲ್ಲಿ ತಿಳಿಸಿ ಮುಂದಕ್ಕೆ ಹೋಗಿ.

ಭಾಷೆಯ ವಿಷಯ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪ್ರಬಂಧ ಎಂದೊಡನೆ ಹಿಂಜರಿಯುತ್ತಾರೆ. ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ, ಎದುರಿಗೆ ಕುಳಿತ ಗೆಳೆಯರಿಗೆ ಹೇಳುವ ಹಾಗೆ. ಹೇಳಬೇಕಾದ ವಿಷಯ ತಿಳಿಯಾದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೊಸದಾಗಿ ಬರೆಯಿರಿ. ವ್ಯಾಕರಣವನ್ನು ಇಂಗ್ಲಿಷ್ ಬಲ್ಲ ಅಧ್ಯಾಪಕರಿಗೆ ತೋರಿಸಿ ತಿದ್ದಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಹಣ ಪಡೆದು ಪ್ರಬಂಧ ಬರೆದುಕೊಡುವವರ ಹತ್ತಿರ ಮಾತ್ರ ಸುಳಿಯಬೇಡಿ. ಅರ್ಜಿಗಳಲ್ಲಿ ನಕಲು ಇದೆಯೇ ಎಂದು ಪರೀಕ್ಷಿಸಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇರೆಯವರು ಬರೆದ ಪ್ರಬಂಧದ ಮೇಲೆ ಕೇಳುವ ಪ್ರಶ್ನೆಗೆ ಸಂದರ್ಶನದಲ್ಲಿ ನಿಮ್ಮ ಬಾಯಿಂದ ಉತ್ತರ ಬರುವುದಿಲ್ಲ.

ದಾಖಲೆಗಳು ಮತ್ತು ಶಿಫಾರಸುಪತ್ರ

ಪಾಸ್‌ಪೋರ್ಟ್ ಇಲ್ಲದಿದ್ದರೆ ಇಂದೇ ಆರಂಭಿಸಿ. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಇಲ್ಲಿ ಹೆಚ್ಚು ತೊಡಕಾಗುವುದು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಮತ್ತು ತಂದೆಯ ಹೆಸರಿನ ಮೊದಲಕ್ಷರ, ಪದವಿ ಪ್ರಮಾಣಪತ್ರದಲ್ಲಿ ತಂದೆಯ ಪೂರ್ಣ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು, ಹೀಗೆ ಒಬ್ಬರೇ ಮೂರು ಹೆಸರಿನಲ್ಲಿ ಇರುವುದು ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಆಧಾರ್ ಮತ್ತು ಅಂಕಪಟ್ಟಿಯ ಹೆಸರು ಹೊಂದುವಂತೆ ಮಾಡಿಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನೇ, ಅದೇ ಕಾಗುಣಿತದಲ್ಲಿ, ಮುಂದಿನ ಪ್ರತಿಯೊಂದು ಅರ್ಜಿಯಲ್ಲೂ ಬಳಸಿ. 2014ರಲ್ಲಿ ಗುಲಬರ್ಗಾ ಕಲಬುರಗಿಯಾದ ಕಾರಣ ಹುಟ್ಟಿದ ಊರಿನ ಹೆಸರು ಹಳೆಯ, ಹೊಸ ದಾಖಲೆಗಳಲ್ಲಿ ಬೇರೆ ಬೇರೆ ಇರುವುದುಂಟು. ಅಲ್ಲಿಯೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ.

ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ ಮತ್ತು ಎಲ್ಲ ವರ್ಷಗಳ ಅಂಕಗಳನ್ನು ಒಟ್ಟಾಗಿ ತೋರಿಸುವ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಬೇಕಾಗುತ್ತವೆ. ನಿಮ್ಮ ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿಗೇ ಹೋಗಬೇಕು. ಯಾದಗಿರಿ, ಬೀದರಿನ ಕಾಲೇಜುಗಳಲ್ಲಿ ಓದಿದ್ದರೂ ಪದವಿ ಗುಲ್ಬರ್ಗಾ ವಿಶ್ವವಿದ್ಯಾಲಯದ್ದಾಗಿದ್ದರೆ ಜ್ಞಾನಗಂಗಾ ಆವರಣದ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ. ಎಂಜಿನಿಯರಿಂಗ್ ಪದವೀಧರರಲ್ಲಿ ಬಹುಪಾಲು ಜನರಿಗೆ ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಪರೀಕ್ಷೆ, ಘಟಿಕೋತ್ಸವದ ದಿನಗಳಲ್ಲಿ ಈ ಕೆಲಸ ನಿಧಾನವಾಗುವುದರಿಂದ ಅವಸರ ಬರುವ ಮೊದಲೇ ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳಿ.

ಶಿಫಾರಸು ಮಾಡಲು ಇಬ್ಬರು ಬೇಕು, ಸಂಬಂಧಿಕರು ಆಗಬಾರದು. ದೊಡ್ಡ ಹುದ್ದೆಯಲ್ಲಿದ್ದು ನಿಮ್ಮ ಹೆಸರಷ್ಟೇ ಬಲ್ಲವರಿಗಿಂತ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಯೋಜನಾ ಸಂಯೋಜಕರ ಅಥವಾ ಪಾಠ ಮಾಡಿದ ಅಧ್ಯಾಪಕರ ಪತ್ರಕ್ಕೆ ಬೆಲೆ ಹೆಚ್ಚು. ಪತ್ರವನ್ನು ನೀವೇ ಬರೆದುಕೊಂಡು ಬನ್ನಿ ಎಂದು ಅವರು ಹೇಳಿದರೆ, "ಸರ್, ನಿಮ್ಮ ಮಾತಿನಲ್ಲೇ ಇದ್ದರೆ ಒಳ್ಳೆಯದು" ಎಂದು ವಿನಯದಿಂದ ಕೇಳಿಕೊಳ್ಳಿ; ಜೊತೆಗೆ ನಿಮ್ಮ ಪ್ರಬಂಧಗಳ ಪ್ರತಿಯನ್ನೂ ನೀವು ಅವರೊಂದಿಗೆ ಮಾಡಿದ ಕೆಲಸದ ಒಂದು ಪುಟದ ಟಿಪ್ಪಣಿಯನ್ನೂ ಕೊಡಿ. ಹಾಗೆ ಕೊಟ್ಟರೆ ಬಹಳಷ್ಟು ಜನ ಸಂತೋಷದಿಂದ ಬರೆಯುತ್ತಾರೆ.

ಸರ್ಕಾರಿ ನೌಕರರು ತಮ್ಮ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಮತ್ತು ಅಧ್ಯಯನ ರಜೆಯ ಮಂಜೂರಾತಿ ಪಡೆಯಬೇಕಾಗುತ್ತದೆ. ಕಡತ ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಬರಲು ಹಿಡಿಯುವ ಸಮಯ ನಿಮಗೆ ಗೊತ್ತೇ ಇದೆ. ಫಲಿತಾಂಶ ಬಂದ ಮೇಲೆ ನೋಡೋಣ ಎನ್ನದೆ ಅರ್ಜಿ ಹಾಕುವಾಗಲೇ ಲಿಖಿತವಾಗಿ ತಿಳಿಸಿಡಿ.

ಸಂದರ್ಶನ

ಸಂದರ್ಶನಕ್ಕೆ ಕರೆ ಬಂದಿತೆಂದರೆ ಅರ್ಜಿ ಗಟ್ಟಿಯಾಗಿದೆ ಎಂದರ್ಥ. ಅಲ್ಲಿ ಕೇಳುವುದು ಹೆಚ್ಚಾಗಿ ನೀವು ಬರೆದದ್ದರ ಬಗ್ಗೆಯೇ. ಪ್ರಬಂಧದ ಪ್ರತಿ ವಾಕ್ಯಕ್ಕೂ "ಹೇಗೆ", "ಯಾಕೆ", "ಆಮೇಲೇನಾಯಿತು" ಎಂಬ ಮೂರು ಪ್ರಶ್ನೆಗಳನ್ನು ನೀವೇ ಹಾಕಿಕೊಂಡು ಬಾಯಿಬಿಟ್ಟು ಉತ್ತರಿಸಿ ಅಭ್ಯಾಸ ಮಾಡಿ. ಬರೆದು ಬಾಯಿಪಾಠ ಮಾಡಿದ ಉತ್ತರ ಮೊದಲ ಮರುಪ್ರಶ್ನೆಗೇ ತಡವರಿಸುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಅದರಿಂದ ಅಂಕ ಕಡಿಮೆಯಾಗುವುದಿಲ್ಲ. ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ. ಸ್ಪಷ್ಟವಾಗಿ, ನಿಧಾನವಾಗಿ ಮಾತಾಡಿದರೆ ಸಾಕು.

ಸಂದರ್ಶನ ಆನ್‌ಲೈನ್‌ನಲ್ಲಿ ಇದ್ದರೆ ಸ್ಥಳದ ಆಯ್ಕೆಯೂ ತಯಾರಿಯ ಭಾಗ. ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ನಮ್ಮಲ್ಲಿ ಕರೆಂಟ್ ಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಇನ್ವರ್ಟರ್ ಇರುವ ಕೋಣೆ, ಬೇರೆ ಬೇರೆ ಕಂಪನಿಯ ಎರಡು ಇಂಟರ್‌ನೆಟ್ ಸಂಪರ್ಕ, ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್ ಸಿದ್ಧವಿರಲಿ. ಹಿಂದಿನ ದಿನ ಅದೇ ಹೊತ್ತಿಗೆ ಒಮ್ಮೆ ಪರೀಕ್ಷಿಸಿ.

ವಿಶ್ವವಿದ್ಯಾಲಯದ ಪ್ರವೇಶ ಮತ್ತು ಇಂಗ್ಲಿಷ್ ಪರೀಕ್ಷೆ

ಚೆವೆನಿಂಗ್ ಅರ್ಜಿ ಬೇರೆ, ವಿಶ್ವವಿದ್ಯಾಲಯದ ಪ್ರವೇಶದ ಅರ್ಜಿ ಬೇರೆ. ಎರಡನ್ನೂ ನೀವೇ ಪ್ರತ್ಯೇಕವಾಗಿ ಹಾಕಬೇಕು, ಮತ್ತು ಜುಲೈ ಹೊತ್ತಿಗೆ ಆರಿಸಿದ ಮೂರರಲ್ಲಿ ಒಂದರಿಂದಲಾದರೂ ಷರತ್ತಿಲ್ಲದ ಪ್ರವೇಶಪತ್ರ ಕೈಯಲ್ಲಿರಬೇಕು. ಸಂದರ್ಶನದಲ್ಲಿ ಗೆದ್ದರೂ ಈ ಪತ್ರ ಇಲ್ಲದಿದ್ದರೆ ವಿದ್ಯಾರ್ಥಿವೇತನ ಕೈತಪ್ಪುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮುಂತಾದವು ಅರ್ಜಿ ಶುಲ್ಕ ಕೇಳುತ್ತವೆ, ಅವುಗಳ ಗಡುವೂ ಬೇಗ ಮುಗಿಯುತ್ತದೆ. ಬೇರೆ ಎಷ್ಟೋ ಕಡೆ ಶುಲ್ಕವೇ ಇಲ್ಲ. ಆದ್ದರಿಂದ ಮೂರರಲ್ಲಿ ಒಂದಾದರೂ ಶುಲ್ಕವಿಲ್ಲದ, ನಿಮ್ಮ ಅಂಕಗಳಿಗೆ ಖಚಿತವಾಗಿ ಪ್ರವೇಶ ಕೊಡುವ ವಿಶ್ವವಿದ್ಯಾಲಯ ಆಗಿರಲಿ ಎಂಬುದು ನನ್ನ ಸಲಹೆ.

ಚೆವೆನಿಂಗ್ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುವುದಿಲ್ಲ, ಆದರೆ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುತ್ತವೆ. ಕೆಲವು ವಿಶ್ವವಿದ್ಯಾಲಯಗಳು ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತವೆ. ನಿಮ್ಮ ಪಿಯುಸಿ ಅಂಕ ನಡೆಯುತ್ತದೆಯೇ ಎಂದು ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಕೇಳಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಲೇಬೇಕಾದರೆ ನಮ್ಮವರಿಗೆ ಹೈದರಾಬಾದ್ ಅನುಕೂಲ. ಫಲಿತಾಂಶ ಎರಡು ವರ್ಷ ಊರ್ಜಿತದಲ್ಲಿರುತ್ತದೆ.

ವೀಸಾ, ಪ್ರಯಾಣ, ವಾಪಸಾತಿ

ಆರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೋಗುವವರು ಬ್ರಿಟಿಷ್ ಸರ್ಕಾರ ಮಾನ್ಯ ಮಾಡಿದ ಚಿಕಿತ್ಸಾಲಯದಲ್ಲಿ ಕ್ಷಯರೋಗದ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಊರಿನ ಆಸ್ಪತ್ರೆಯ ಎಕ್ಸ್‌ರೇ ಇದಕ್ಕೆ ನಡೆಯುವುದಿಲ್ಲ. ಅಂಥ ಚಿಕಿತ್ಸಾಲಯವೂ ಬೆರಳಚ್ಚು ಕೊಡುವ ವೀಸಾ ಕೇಂದ್ರವೂ ಹೈದರಾಬಾದಿನಲ್ಲೇ ಇರುವುದರಿಂದ ಬೀದರಿನವರು ಜಹೀರಾಬಾದ್ ಮೇಲೆ ಬಸ್ಸಿನಲ್ಲಿ, ಕಲಬುರಗಿ, ಯಾದಗಿರಿಯವರು ರೈಲಿನಲ್ಲಿ ಹೋಗಿ, ದಿನಾಂಕಗಳನ್ನು ಹೊಂದಿಸಿಕೊಂಡರೆ ಎರಡೂ ಕೆಲಸ ಒಂದೇ ಓಡಾಟದಲ್ಲಿ ಮುಗಿಯುತ್ತವೆ. ಎಂಜಿನಿಯರಿಂಗ್ ಮತ್ತು ವಿಜ್ಞಾನದ ಕೆಲವು ಕೋರ್ಸುಗಳಿಗೆ ಎಟಿಎಎಸ್ ಎಂಬ ಪೂರ್ವಾನುಮತಿ ಬೇಕು. ಪ್ರವೇಶಪತ್ರದಲ್ಲಿ ಅದರ ಉಲ್ಲೇಖ ಇದ್ದರೆ ಒಂದು ದಿನವೂ ತಡಮಾಡದೆ ಅರ್ಜಿ ಹಾಕಿ. ಖರ್ಚನ್ನು ಯೋಜನೆಯೇ ಭರಿಸುವ ಪತ್ರ ಇರುವುದರಿಂದ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಹಣ ತೋರಿಸುವ ಅಗತ್ಯವಿಲ್ಲ. ಹೊಲ ಅಡವಿಟ್ಟು ಠೇವಣಿ ತೋರಿಸಬೇಕು ಎಂದು ಯಾವ ಏಜೆಂಟರಾದರೂ ಹೇಳಿದರೆ ನಂಬಬೇಡಿ.

ಪತಿ, ಪತ್ನಿ, ಮಕ್ಕಳ ಖರ್ಚನ್ನು ಈ ವಿದ್ಯಾರ್ಥಿವೇತನ ಭರಿಸುವುದಿಲ್ಲ. ಆ ಒಂದು ವರ್ಷ ಮನೆಯ ಜವಾಬ್ದಾರಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು, ಮುಖ್ಯವಾಗಿ ಮದುವೆಯಾದ ಹೆಣ್ಣುಮಕ್ಕಳು, ಅರ್ಜಿ ಹಾಕುವ ಮೊದಲೇ ಮನೆಯವರೊಂದಿಗೆ ಕುಳಿತು ಮಾತಾಡಿ ನಿರ್ಧರಿಸಬೇಕು. ಫಲಿತಾಂಶ ಬಂದ ಮೇಲೆ ಈ ಮಾತು ಎತ್ತಿದರೆ ಸಮಯ ಸಾಲುವುದಿಲ್ಲ.

ಅಲ್ಲಿಗೆ ತಲುಪಿದಾಗ ಆರಂಭದ ಖರ್ಚಿಗೆಂದು ಒಂದು ಭತ್ಯೆಯನ್ನು ಕೊಡುತ್ತಾರೆ, ಆದರೂ ಬ್ಯಾಂಕ್ ಖಾತೆ ತೆರೆದು ಮಾಸಿಕ ಭತ್ಯೆ ಕೈಸೇರುವವರೆಗೆ ಬಾಡಿಗೆಯ ಮುಂಗಡಕ್ಕೆ, ಊಟಕ್ಕೆ ಒಂದಷ್ಟು ಪೌಂಡ್ ಜೊತೆಗಿರಲಿ. ದಪ್ಪ ಉಣ್ಣೆಯ ಬಟ್ಟೆಗಳನ್ನು ಇಲ್ಲಿಂದ ಹೊತ್ತೊಯ್ಯುವುದಕ್ಕಿಂತ ಅಲ್ಲೇ ಕೊಳ್ಳುವುದು ಮೇಲು. ಮೂಲ ಪ್ರಮಾಣಪತ್ರಗಳು ಕೈಚೀಲದಲ್ಲಿರಲಿ, ಅವುಗಳ ಸ್ಕ್ಯಾನ್ ಪ್ರತಿ ಇಮೇಲ್‌ನಲ್ಲೂ ಮನೆಯವರ ಫೋನಿನಲ್ಲೂ ಇರಲಿ. ಸರ್ಕಾರಿ ನೌಕರರು ರಜೆಯ ಆದೇಶದಲ್ಲಿ ಕೆಲಸಕ್ಕೆ ಮರಳಿ ಹಾಜರಾಗಬೇಕಾದ ದಿನಾಂಕವನ್ನು ಕೋರ್ಸು ಮುಗಿಯುವ ದಿನಾಂಕದೊಂದಿಗೆ ಹೊಂದಿಸಿಕೊಂಡು, ಕೋರ್ಸಿನ ಕೊನೆಯ ಸಂಶೋಧನಾ ಪ್ರಬಂಧದ ಸಲ್ಲಿಕೆ ತಡವಾದರೂ ತೊಂದರೆಯಾಗದಂತೆ ಕೆಲವು ವಾರಗಳ ಅಂತರ ಇಟ್ಟುಕೊಳ್ಳಬೇಕು. ಸ್ವದೇಶದಲ್ಲಿ ಇರಬೇಕಾದ ಎರಡು ವರ್ಷದ ಲೆಕ್ಕ ನೀವು ಹಿಂದಿರುಗಿದ ಮೇಲೆ ಶುರುವಾಗುವುದರಿಂದ, ವಾಪಸು ಬಂದ ಬೋರ್ಡಿಂಗ್ ಪಾಸ್ ಮತ್ತು ಪಾಸ್‌ಪೋರ್ಟ್ ಮುದ್ರೆಯ ಪ್ರತಿಯನ್ನು ಉಳಿದ ದಾಖಲೆಗಳ ಜೊತೆ ಜೋಪಾನವಾಗಿಡಿ.